ಶ್ರೀ ಫೋಲ್ಡರುಗಳ ಒಳಗಿನ ಹೋರಿ

ರಾಯಬಾಗದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಅದಕ್ಕೆ ಹತ್ತಿಕೊಂಡೇ ನನ್ನ ಗೆಳೆಯನ ಫೋಟೋ ಸ್ಟುಡಿಯೋ. ಎರಡರ ನಡುವೆ ಇರುವುದು ಒಂದೇ ಗೋಡೆ, ಅದೂ ತೆಳುವಾದದ್ದು. ಅವನಿಗೆ ನನ್ನಿಂದ ಏನಾದರೂ ಬೇಕಾದಾಗ ಎದ್ದು ಬರುವ ರೂಢಿಯಿಲ್ಲ. ಗೋಡೆ ಗುದ್ದುತ್ತಾನೆ. ಒಂದು ಸಲ ಗುದ್ದಿದರೆ ಚಹಾ ಬಂದಿದೆ ಎಂದು ಅರ್ಥ. ಬಿಡದೆ ಗುದ್ದಿದರೆ ಅವನ ಕಂಪ್ಯೂಟರ್ ಏನೋ ಮಾಡಿಕೊಂಡಿದೆ ಎಂದು ಅರ್ಥ. ಕಂಪ್ಯೂಟರ್ ತಾನಾಗಿ ಏನೂ ಮಾಡಿಕೊಳ್ಳುವುದಿಲ್ಲ, ಇವನೇ ಏನೋ ಮಾಡಿರುತ್ತಾನೆ. ಅದನ್ನು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ.

ಕಳೆದ ವರ್ಷ ಕಬ್ಬಿನ ಹಂಗಾಮು ಆಗತಾನೆ ಶುರುವಾಗಿತ್ತು. ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಓಣಿಯ ಬಾಯಿ ದಾಟಿ ಹೋಗುತ್ತಿದ್ದವು. ನಾನು ಗಿರಾಕಿಯೊಬ್ಬರ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ, ಸಾಸಿವೆ ಕಾಳಿನಂಥ ಸ್ಕ್ರೂಗಳನ್ನು ತಟ್ಟೆಯೊಂದರಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಗೋಡೆ ಗುದ್ದಿದ ರಭಸಕ್ಕೆ ಗೋಡೆಗೆ ಒರಗಿದ್ದ ಟೇಬಲ್ಲು ಅಲುಗಿ, ತಟ್ಟೆ ಬಿತ್ತು. ಸ್ಕ್ರೂಗಳು ಎಲ್ಲೆಲ್ಲಿ ಉರುಳಿದವೋ ಆ ದೇವರಿಗೇ ಗೊತ್ತು. ನನಗೆ ಪಿತ್ತ ನೆತ್ತಿಗೇರಿತು.

"ಲೇ, ಗ್ವಾಡಿ ಕೆಡವತೀಯೇನಲೇ?" ಎಂದು ಕೂಗುತ್ತಲೇ ಅವನ ಅಂಗಡಿಗೆ ನುಗ್ಗಿದೆ.

ಅವನು ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಹೊಸ ಜೋಡಿಗಳನ್ನು ಕೂರಿಸಿ ಫೋಟೋ ತೆಗೆಯುವ ಕೆಂಪು ಮೆತ್ತೆಯ ಬೆಂಚಿನ ಮೇಲೆ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ತಲೆತುಂಬ ಸೆರಗು ಹೊದ್ದು ಕೂತಿದ್ದಳು. ಅವಳ ಪಕ್ಕದಲ್ಲಿ ಒಬ್ಬ ಗಂಡಸು ಬಿಳಿ ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಿರುವುತ್ತಿದ್ದ. ಹೆಂಗಸಿನ ಗಂಡನ ತಮ್ಮ ಅವನು ಎಂದು ಮಾತಿನ ನಡುವೆ ತಿಳಿಯಿತು. ಹೊರಗಿನವರ ಮುಂದೆ ಬೈದದ್ದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

"ಈ ಕಾಕೂದು ಹೋರಿ ಫೋಟೋ ಹೋಗ್ಯಾವಲೇ," ಎಂದ ಗೆಳೆಯ. "ನಾಳಿ ಹಾರೂಗೇರಿ ಸಂತಿ. ಫೋಟೋ ಇಲ್ಲಂದ್ರ ಹೋರೀನೂ ಇಲ್ಲ."

ಒಂದು ಫೋಟೋ ಇಲ್ಲದಿದ್ದರೆ ಹೋರಿ ಹೇಗೆ ಇಲ್ಲವಾಗುತ್ತದೆ ಎಂದು ಕೇಳಿದೆ. ಆಗ ಆ ಹೆಂಗಸೇ ಹೇಳಿದಳು. ಅಳಲಿಲ್ಲ, ಗೋಳಾಡಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಐತಿ ಎಂದು ಹೇಳುವ ಧಾಟಿಯಲ್ಲಿ ಹೇಳಿದಳು.

ಅವಳದು ಹಾರೂಗೇರಿ ದಾರಿಯ ಒಂದು ಹಳ್ಳಿ. ತುಸು ಹೊಲ, ಒಂದು ಎಮ್ಮೆ, ನಾಲ್ಕಾರು ಆಡು. ಮನೆಯ ಖಿಲಾರಿ ಆಕಳು ಕರು ಹಾಕಿದ ಮೇಲೆ ಸತ್ತುಹೋಯಿತು. ಆ ಗಂಡುಗರುವಿಗೆ ಇವಳೇ ಕೂಸಿನ ಬಾಟಲಿಯಲ್ಲಿ ಎಮ್ಮೆಯ ಹಾಲು ಕುಡಿಸಿ ಬೆಳೆಸಿದಳು. "ಹೊರಸಿನ ಕಾಲಿಗಿ ಕಟಗೊಂಡ ಮಲಗತಿದ್ನಿ ನೋಡ್ರಿ. ನಾ ಮಗ್ಗಲ ಬದಲಿಸಿದ್ರ ಅದೂ ಏಳತಿತ್ತು." ಕರು ಹೋರಿಯಾಯಿತು. ಇನ್ನೂ ಹಾಲು ಹಲ್ಲು ಬೀಳದ ವಯಸ್ಸಿನಲ್ಲೇ ಮೈದುನ ಅದನ್ನು ಶರ್ಯತ್ತಿಗೆ, ಅಂದರೆ ಗಾಡಿ ಓಡಿಸುವ ಪಂದ್ಯಕ್ಕೆ, ಎಳೆ ಹೋರಿಗಳ ಸಾಲಿನಲ್ಲಿ ಹೂಡಿದ. ಅದು ಗೆದ್ದೂ ಗೆದ್ದಿತು. ನಮ್ಮ ಕಡೆ ಗೆದ್ದ ಹೋರಿಗೆ ಹುಟ್ಟುಹಬ್ಬ ಮಾಡಿ ದಾರಿಗೆ ಬ್ಯಾನರ್ ಕಟ್ಟುತ್ತಾರೆ, ಕೇಕೂ ಕತ್ತರಿಸುತ್ತಾರೆ. ಬ್ಯಾನರಿನ ಮೂಲೆಯಲ್ಲಿ ಊರಿನ ಯುವಕರೆಲ್ಲ ಕಪ್ಪು ಕನ್ನಡಕ ಹಾಕಿಕೊಂಡು ನಿಂತಿರುತ್ತಾರೆ. ಹೋರಿಯ ಮುಖವೇ ಅವರೆಲ್ಲರಿಗಿಂತ ಗಂಭೀರವಾಗಿರುತ್ತದೆ. ಆ ಬ್ಯಾನರಿಗೆ ಫೋಟೋ ತೆಗೆದವನು ನನ್ನ ಗೆಳೆಯ.

ಬ್ಯಾನರ್ ಕಟ್ಟಿ ಹೆಚ್ಚು ದಿನವಾಗಿರಲಿಲ್ಲ, ಹೋರಿ ಕಳುವಾಯಿತು. ಬೆಳಗ್ಗೆ ಎದ್ದು ನೋಡಿದರೆ ಗೂಟದಲ್ಲಿ ಕತ್ತರಿಸಿದ ಹಗ್ಗ ಮಾತ್ರ ಉಳಿದಿತ್ತು. ಹುಡುಕಾಡಿದರು, ದೂರು ಕೊಟ್ಟರು, ಸದಲಗಾ, ನಿಪ್ಪಾಣಿ, ಗಡಿಯಾಚೆಯ ಸಂತೆಗಳು, ಎಲ್ಲ ತಿರುಗಿದರು. ಸಿಗಲಿಲ್ಲ. ವರ್ಷ ದಾಟಿತು. ಹೋದ ವಾರ ಹಾರೂಗೇರಿ ಸಂತೆಯಲ್ಲಿ ಮೈದುನನ ಕಣ್ಣಿಗೆ ಒಂದು ಹೋರಿ ಬಿತ್ತು. ಅದೇ ಬಣ್ಣ, ಅದೇ ಕೊಂಬು, ಅದೇ ನಡಿಗೆ. ಹಿಡಿದುಕೊಂಡು ನಿಂತವನು ಕಾಗವಾಡ ಕಡೆಯ ರೈತ. ಗಡಿಯಾಚೆಯ ಪೇಟೆಯಲ್ಲಿ ಕೊಂಡದ್ದು ಎಂದ. ಮಾತಿಗೆ ಮಾತು ಬೆಳೆಯಿತು, ಸುದ್ದಿ ತಿಳಿದು ಇವಳೂ ಓಡಿ ಬಂದಳು. ಸಂತೆಯ ಹಿರಿಯರು ಸೇರಿದರು.

"ನಾ ಕರದ್ನಿ, ಬಂತರೀ ಹೋರಿ," ಎಂದಳು ಅವಳು. "ಬಂದು ನನ್ನ ಸೆರಗ ಮೂಸಿ ನೋಡ್ತು."

"ಅಂವಾ ಹಿಡಿ ಹಿಂಡಿ ಹಿಡಕೊಂಡು ಕರದ. ಅವನ ಕಡೀನೂ ಹೋತು," ಎಂದ ಮೈದುನ ಟೊಪ್ಪಿಗೆ ನೋಡುತ್ತ. "ಮಂದಿ ನಕ್ಕರು."

ಕೊನೆಗೆ ಹಿರಿಯರು ಒಂದು ತೀರ್ಮಾನಕ್ಕೆ ಬಂದರು. ಹೋರಿಯ ಹಣೆಯ ಮೇಲೆ ಸುಳಿ ಇರುತ್ತದೆ, ಕೂದಲು ಒಂದು ಕಡೆ ಸುತ್ತಿಕೊಂಡು ನಿಂತ ಗುರುತು. ನಮ್ಮ ಕಡೆಯವರು ದನ ಕೊಳ್ಳುವಾಗ ಹಲ್ಲಿಗಿಂತ ಮೊದಲು ಸುಳಿ ನೋಡುತ್ತಾರೆ. ಬಣ್ಣ ಕೂಡಬಹುದು, ಕೊಂಬು ಕೂಡಬಹುದು, ಸುಳಿ ಮಾತ್ರ ಒಂದರದು ಇನ್ನೊಂದಕ್ಕೆ ಸರಿಯಾಗಿ ಕೂಡುವುದಿಲ್ಲ ಎಂಬುದು ಅವರ ನಂಬಿಕೆ. ಕಳುವಾಗುವ ಮೊದಲಿನ ಫೋಟೋ ತನ್ನಿ, ಸುಳಿ ಕಾಣಬೇಕು, ಕೂಡಿದರೆ ಹೋರಿ ಈ ಹೆಂಗಸಿನದು, ಇಲ್ಲದಿದ್ದರೆ ಅವನದು, ಮುಂದಿನ ಸಂತೆಗೆ ಮುಗಿಸೋಣ ಎಂದರು. ಎರಡೂ ಕಡೆಯವರು ಒಪ್ಪಿದರು. ಕಾಗವಾಡದವನು ತನ್ನ ಮೊಬೈಲ್ ನಂಬರನ್ನೂ ಕೊಟ್ಟ.

ಬ್ಯಾನರ್ ಇತ್ತಲ್ಲ ಎಂದೆ.

"ಹಣಿ ತುಂಬ ಗುಲಾಲ ಬಡದೈತ್ರಿ," ಎಂದಳು. "ಗೆದ್ದ ಹೋರಿಗಿ ಬಡೀತಾರಲ್ಲ. ಸುಳೀನ ಕಾಣಂಗಿಲ್ಲ. ಮೊಬೈಲ್‌ದಾಗಿನ ಫೋಟೋನೂ ಎಲ್ಲಾ ಗುಲಾಲದವ. ಗಾಡಿ ಹೂಡೂಕಿಂತ ಮೊದಲ ಈ ಸ್ಟುಡಿಯೋದಾಂವ ತೆಗದಿದ್ದ. ಹಣಿ ಸ್ವಚ್ಛ ಇತ್ತು. ನಾನ ಮಗ್ಗಲಾಗ ನಿಂತಿದ್ನಿ."

ಅಷ್ಟು ತಿಳಿದ ಮೇಲೆ ನಾನು ಪರದೆ ನೋಡಿದೆ.

ದೊಡ್ಡ ಹಾರ್ಡ್ ಡಿಸ್ಕ್ ಒಂದನ್ನು ಕಂಪ್ಯೂಟರಿಗೆ ಚುಚ್ಚಿದ್ದ. ಅದರೊಳಗೆ ಏಳೆಂಟು ಫೋಲ್ಡರುಗಳು ಸಾಲಾಗಿ ಇದ್ದವು. ಎಲ್ಲದರ ಹೆಸರೂ ಒಂದೇ. ॥ ಶ್ರೀ ॥. ಮತ್ತೊಂದು ॥ ಶ್ರೀ ॥. ಅದರ ಕೆಳಗೆ ಇನ್ನೊಂದು ॥ ಶ್ರೀ ॥.

"ಯಾವುದ ತಗದ್ರೂ ಆ ನಿಪ್ಪಾಣಿ ತಂಬಾಕ ವ್ಯಾಪಾರಿ ಮಗಳ ಮದಿವೀನ ಬರತೈತಿ," ಎಂದ ಗೆಳೆಯ. ಒಂದನ್ನು ತೆರೆದು ತೋರಿಸಿದ. ವಧು ಮೆಹಂದಿಯ ಕೈ ಹಿಡಿದು ನಗುತ್ತಿದ್ದಳು. ಇನ್ನೊಂದು ತೆರೆದ. ಅದೇ ವಧು, ಅದೇ ಮೆಹಂದಿ. ಮೂರನೆಯದರಲ್ಲೂ ಅವಳೇ ನಕ್ಕಳು. "ನೋಡು, ಒಂದ ಮದಿವಿ ಇಷ್ಟ ಸಲ ಕಾಪಿ ಆಗಿ ಕುಂತೈತಿ. ಹೋರಿ ಫೋಟೋದ ಮ್ಯಾಲ ಇದ ಬಂದು ಬಿದ್ದೈತಿ. ಇವನ್ನೆಲ್ಲಾ ತಗದ ಒಗದು ಡಿಸ್ಕ್ ಖಾಲಿ ಮಾಡಿದ್ರ ಹಳೇದು ವಾಪಸ್ ತರೂ ಸಾಫ್ಟ್‌ವೇರ್ ಹಾಕಬಹುದೇನೋ ಅಂತ ನಿನ್ನ ಕರದೆ."

ಹೀಗೆ ಹೇಳುತ್ತಲೇ ಅವನು ಒಂದು ಫೋಲ್ಡರನ್ನು ಹಿಡಿದು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದ. ನಾನು ಅವನ ಕೈಗೆ ಚಟ್ಟನೆ ಹೊಡೆದೆ. ಅವಳ ಮೈದುನ ಬೆಚ್ಚಿ ಎದ್ದು ನಿಂತ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದನಂತೆ, ಅಂಥ ಜಾತಿ ಇವನದು. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರುಗಳನ್ನು ಕಂಪ್ಯೂಟರ್ ಇಟ್ಟುಕೊಳ್ಳುವುದೇ ಇಲ್ಲ. ಹಾಗೆ ಮಾಡಲು ಹೋದರೆ ಈ ಹೆಸರಿನದು ಆಗಲೇ ಇದೆ ಎಂದು ಜಗಳಕ್ಕೆ ಬರುತ್ತದೆ. ಅಂದಮೇಲೆ ಈ ಹೆಸರುಗಳು ಕಣ್ಣಿಗೆ ಮಾತ್ರ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಕಾಣದ ಏನೋ ಒಂದು ಅವುಗಳಿಗೆ ಅಂಟಿಕೊಂಡಿದೆ. ಇಷ್ಟು ಯೋಚಿಸಲು ಏನು ಗಂಟು ಹೋಗುತ್ತಿತ್ತು?

"ಈ ಹೆಸರ ಇಟ್ಟಾಂವ ಯಾರಲೇ?" ಎಂದೆ.

"ನಾನ."

"ನೀನ ಇಟ್ಟಿಯೋ, ಇಡಸಿದಿಯೋ?"

ಇಡಿಸಿದ್ದು. ಕಥೆ ಹೀಗೆ. ನನ್ನ ಗೆಳೆಯ ಯಾವುದನ್ನೂ ಶ್ರೀಕಾರವಿಲ್ಲದೆ ಶುರು ಮಾಡುವವನಲ್ಲ. ಅವನ ಅಪ್ಪ ಕಿರಾಣಿ ಚೀಟಿಯ ಮೇಲೂ ಮೊದಲು ಶ್ರೀ ಬರೆದು ಆಮೇಲೆ ಬೆಲ್ಲ, ಶೇಂಗಾ ಬರೆಯುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ, ನಮ್ಮಲ್ಲಿ ಬಹಳ ಜನ ಹಾಗೆಯೇ. ಆದರೆ ಇವನಿಗೆ ಆ ಎರಡು ಗೆರೆಗಳ ಶ್ರೀ ಟೈಪ್ ಮಾಡಲು ಬರುವುದಿಲ್ಲ. ಯಾವುದೋ ಲಗ್ನಪತ್ರಿಕೆಯ ಮೆಸೇಜಿನಿಂದ ಎತ್ತಿಟ್ಟುಕೊಂಡಿದ್ದ, ಅದನ್ನೇ ಎಲ್ಲ ಕಡೆ ಅಂಟಿಸುತ್ತಿದ್ದ. ಮದುವೆ, ಶರ್ಯತ್ತು ಮುಂತಾದವುಗಳ ಫೋಟೋಗಳನ್ನು ತಿದ್ದಿ ವಿಡಿಯೋ ಮಾಡಲು ಕೊಲ್ಲಾಪುರ ಕಡೆಯ ಒಬ್ಬ ಎಡಿಟರಿಗೆ ಕಳಿಸುತ್ತಿದ್ದ. ಅವನ ಬಳಿ ಇರುವುದು ಬೇರೆ ಜಾತಿಯ ಕಂಪ್ಯೂಟರ್. ಫೋಲ್ಡರಿಗೆ ಏನು ಹೆಸರಿಡಬೇಕು ಎಂದು ಗೆಳೆಯ ಪ್ರತಿ ಸಲ ಅವನಿಗೆ ಮೆಸೇಜು ಹಾಕುತ್ತಿದ್ದ. ಮೊದಲ ಸಾಲಿನಲ್ಲಿ ಶ್ರೀ, ಎರಡನೆಯ ಸಾಲಿನಲ್ಲಿ ಯಾರ ಮದುವೆ, ಯಾವ ಶರ್ಯತ್ತು ಎಂಬ ವಿವರ. ಎಡಿಟರ್ ಎಲ್ಲವನ್ನೂ ಈ ಡಿಸ್ಕಿಗೆ ತುಂಬಿ ವಾಪಸ್ ಕಳಿಸಿದ ಮೇಲೆ ಗೆಳೆಯ ಕ್ಯಾಮೆರಾದ ಕಾರ್ಡು ಖಾಲಿ ಮಾಡಿ ಮುಂದಿನ ಮದುವೆಗೆ ಹೋಗುತ್ತಿದ್ದ. ಬ್ಯಾನರಿಗೆ ಬೇಕಾದ ಗುಲಾಲದ ಫೋಟೋ ಮೊದಲೇ ತೆಗೆದಿಟ್ಟುಕೊಂಡಿದ್ದರಿಂದ ಡಿಸ್ಕಿನ ಒಳಗೆ ಇಣುಕಿ ನೋಡುವ ಪ್ರಸಂಗ ಬಂದಿರಲಿಲ್ಲ.

ಎಡಿಟರಿಗೆ ಫೋನು ಹಚ್ಚಿಸಿದೆ. ಅವನಿಗೆ ಕನ್ನಡ ಅಷ್ಟಕ್ಕಷ್ಟೆ, ಮರಾಠಿ ಬೆರೆಸಿ ಮಾತಾಡಿದ.

"ಮೊದಲ ಸಾಲ ಕಾಪಿ ಮಾಡಿ ಹೆಸರ ಕೊಟ್ಟೆ ದಾದಾ. ಎರಡನೇ ಸಲ ಅದ ಹೆಸರ ಬಂತು. ಕಂಪ್ಯೂಟರ್ ಘೇಣಾರ ನಾಹೀ, ತಗೊಳ್ಳಂಗಿಲ್ಲ ಅಂತು. ಆಮ್ಯಾಲ ಹಿಂದ ಒಂದ ಸ್ಪೇಸ್ ಹೊಡದೆ. ತಗೊಂತು."

"ಮೂರನೇದಕ್ಕ?"

"ಇನ್ನೊಂದ ಸ್ಪೇಸ್."

ಫೋನು ಇಟ್ಟ ಮೇಲೆ ನನಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ನಗುವೇ ಬಂತು. ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ, ಎರಡು ಖಾಲಿ ಜಾಗ, ಮೂರು ಖಾಲಿ ಜಾಗ. ಅವನ ಯಂತ್ರ ಅದನ್ನು ಹೆಸರಿನ ಭಾಗವೆಂದೇ ಒಪ್ಪಿಕೊಂಡಿತ್ತು. ನಮ್ಮ ಯಂತ್ರಕ್ಕೆ ಬೇರೆ ಚಟ. ಹೆಸರಿನ ಬಾಲದಲ್ಲಿ ಖಾಲಿ ಜಾಗ ಕಂಡರೆ ಯಾರೋ ಕೈತಪ್ಪಿ ಒತ್ತಿದ್ದಾರೆ ಎಂದುಕೊಂಡು ತಾನೇ ಅದನ್ನು ಕತ್ತರಿಸಿ ಓದುತ್ತದೆ. ಹಾಗೆ ಕತ್ತರಿಸಿದರೆ ಎಲ್ಲ ಹೆಸರೂ ಮೊದಲನೆಯದೇ ಆಗುತ್ತದೆ. ಮೊದಲನೆಯದರಲ್ಲಿ ಇದ್ದದ್ದು ಆ ಮದುವೆ. ಅದಕ್ಕೇ ಯಾವ ಬಾಗಿಲು ತಟ್ಟಿದರೂ ತಂಬಾಕು ವ್ಯಾಪಾರಿಯ ಮಗಳೇ ಬಂದು ಬಾಗಿಲು ತೆಗೆಯುತ್ತಿದ್ದಳು. ಇವನು ಕಾಪಿ ಎಂದುಕೊಂಡು ಯಾವುದನ್ನು ಅಳಿಸಿದ್ದರೂ ಅಳಿಯುತ್ತಿದ್ದದ್ದು ಆ ಮದುವೆ. ಅವಳಪ್ಪ ಆಮೇಲೆ ಇವನನ್ನು ಬಿಡುತ್ತಿದ್ದನೇ?

"ಹಂಗಾರ ನನ್ನ ಹೋರಿ ಐತಿ?" ಎಂದಳು ಆ ಹೆಂಗಸು.

"ಫೋಟೋ ಇರಬೇಕ್ರಿ ಕಾಕು. ನೋಡೂಣು," ಎಂದೆ. ಹೆಚ್ಚು ಆಸೆ ಹುಟ್ಟಿಸುವುದು ನನಗೆ ಆಗದು. ಯಂತ್ರ ತೆರೆದು ತೋರಿಸಿದ ಮೇಲೆ ಮಾತು.

ಕೀಲಿಮಣೆಯ ಮುಂದಿನಿಂದ ಗೆಳೆಯನನ್ನು ಎಬ್ಬಿಸಿ ನಾನು ಕೂತೆ. ಇಂಥ ಕೆಲಸಕ್ಕೆ ಬಣ್ಣದ ಚಿತ್ರಗಳ ಕಿಟಕಿ ನಡೆಯುವುದಿಲ್ಲ. ಅಕ್ಷರ ಬರೆದೇ ಆಜ್ಞೆ ಕೊಡುವ ಕಪ್ಪು ಪರದೆ ತೆರೆಯಬೇಕು. ಚಿಕ್ಕೋಡಿಯಲ್ಲಿ ಡಿಪ್ಲೊಮಾ ಓದುವಾಗ ಅದನ್ನು ಕಲಿತದ್ದು. ಆಗ ಇದ್ಯಾಕೆ ಬೇಕು ಎಂದು ಎಲ್ಲರೂ ಬೈಯುತ್ತಿದ್ದೆವು.

ಪರದೆ ಕಪ್ಪಾದದ್ದೇ ತಡ, ಅವಳು ಮುಂದೆ ಬಾಗಿ ನೋಡಿದಳು. "ಕರೆಂಟ್ ಹೋತೇನ್ರಿ?"

"ಇಲ್ಲರೀ, ಇದು ಹಿಂಗ ಇರತೈತಿ."

ಕಪ್ಪು ಪರದೆಯಲ್ಲಿ ನಮ್ಮ ಶ್ರೀ ಖಾಲಿ ಚೌಕಗಳಾಗಿ ಕಂಡಿತು. ಆ ಪರದೆಗೆ ಕನ್ನಡ ತೋರಿಸಲು ಬರುವುದಿಲ್ಲ. ತೋರಿಸದಿದ್ದರೂ ಒಳಗೆ ಸರಿಯಾಗಿಯೇ ಇಟ್ಟುಕೊಂಡಿರುತ್ತದೆ. ಹೆಸರು ಬದಲಿಸುವ ಆಜ್ಞೆ ಬರೆದೆ. ಅದರ ಮುಂದೆ ಎರಡು ಓರೆ ಗೆರೆ, ಒಂದು ಪ್ರಶ್ನೆಚಿಹ್ನೆ, ಮತ್ತೊಂದು ಓರೆ ಗೆರೆ ಹಾಕಿದೆ. ಇದು ಹೆಸರಲ್ಲ, ಯಂತ್ರಕ್ಕೆ ಕೊಡುವ ತಾಕೀತು. ನಾನು ಹೇಳಿದ ಹೆಸರನ್ನು ಹೇಳಿದ ಹಾಗೆಯೇ ತಗೋ, ನಿನ್ನ ಶಾಣ್ಯಾತನ ಮಾಡಬೇಡ, ಬಾಲ ಕತ್ತರಿಸಬೇಡ ಎಂದು ಅದರ ಅರ್ಥ. ಗೆಳೆಯನಿಗೂ ಇಂಥದೊಂದು ತಾಕೀತು ಹಾಕಲು ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಆಮೇಲೆ ಉದ್ಧರಣ ಚಿಹ್ನೆಯ ಒಳಗೆ ಶ್ರೀಯನ್ನು ಅಂಟಿಸಿ, ಕೊನೆಗೆ ಒಂದು ಖಾಲಿ ಜಾಗ ಬಿಟ್ಟು ಚಿಹ್ನೆ ಮುಚ್ಚಿದೆ. ಪಕ್ಕದಲ್ಲಿ ಹೊಸ ಹೆಸರು ಬರೆಯಬೇಕು.

"ಶ್ರೀ ತಗೀಬ್ಯಾಡಲೇ," ಎಂದ ಗೆಳೆಯ ಹಿಂದಿನಿಂದ.

"ಏನು?"

"ಹೊಸ ಹೆಸರಿನಾಗೂ ಶ್ರೀ ಇರಲಿ. ಸುಮ್ನ ತಗದ್ರ ಚಲೋ ಅಲ್ಲ."

ಇಷ್ಟು ಹೊತ್ತು ಆದದ್ದೆಲ್ಲ ಯಾತರಿಂದ ಎಂದು ಅವನಿಗೆ ಇನ್ನೂ ಹೊಳೆದಿರಲಿಲ್ಲ. "ಲೇ ಶಾಣ್ಯಾ, ಹೆಸರಿನ ಮುಂದ ನಿನ್ನ ಶ್ರೀ ಇದ್ರ ನನಗೇನೂ ತಕರಾರಿಲ್ಲ. ಅದರ ಹಿಂದ ಏನರೆ ಒಂದ ಹೆಸರ ಬೇಕಲ್ಲ? ದೇವರ ಹೆಸರ ಒಂದ ಬರದು ಮಂದಿ ಹೆಸರ ಬಿಟ್ರ ದೇವರರೆ ಹೆಂಗ ಗುರುತ ಹಿಡೀಬೇಕು?" ಎಂದು ಗದರಿದೆ. ಆ ಹೆಂಗಸು ಅಂದು ಮೊದಲ ಸಲ ನಕ್ಕಳು, ಸೆರಗು ಬಾಯಿಗೆ ಅಡ್ಡ ಹಿಡಿದು. ಶ್ರೀ ಒಂದು, ಶ್ರೀ ಎರಡು ಎಂದು ಇಡಲು ಇಬ್ಬರೂ ಒಪ್ಪಿದೆವು.

ಆಜ್ಞೆ ಒತ್ತಿದೆ. ಕಪ್ಪು ಪರದೆ ಏನೂ ಹೇಳಲಿಲ್ಲ. ಅದು ಏನೂ ಹೇಳದಿದ್ದರೆ ಕೆಲಸ ಆಗಿದೆ ಎಂದರ್ಥ. ಬಣ್ಣದ ಕಿಟಕಿಗೆ ಹೋಗಿ ಹೊಸ ಹೆಸರಿನ ಫೋಲ್ಡರ್ ತೆರೆದೆ. ತೊಟ್ಟಿಲು, ಬಲೂನು, ಬಾಯಿ ತೆರೆದು ಅಳುವ ಕೂಸು. ಯಾರದೋ ನಾಮಕರಣ. ಮದುವೆಯ ಹುಡುಗಿ ಕೊನೆಗೂ ಜಾಗ ಬಿಟ್ಟಿದ್ದಳು. ಗೆಳೆಯ ನನ್ನ ಬೆನ್ನಿಗೆ ಗುದ್ದಿದ. ಗುದ್ದುವುದು ಬಿಟ್ಟು ಅವನಿಗೆ ಬೇರೆ ಭಾಷೆ ಗೊತ್ತಿಲ್ಲ.

ಎರಡು ಖಾಲಿ ಜಾಗದ್ದನ್ನು ಬದಲಿಸಿದೆ. ಅಥಣಿಯ ಯಾರದೋ ದ್ರಾಕ್ಷಿ ತೋಟ, ಗೊಂಚಲುಗಳ ಮುಂದೆ ಕೈಕಟ್ಟಿ ನಿಂತ ಮನೆಮಂದಿ. ಮೂರು ಖಾಲಿ ಜಾಗದ್ದು ಬದಲಿಸಿ ತೆರೆದೆ. ಧೂಳು, ಜನ, ಗಾಡಿಯ ಗಾಲಿ, ಹಳದಿ ಪೇಟದ ಹಿರಿಯರು.

"ಶರ್ಯತ್ತು!" ಎಂದ ಮೈದುನ.

ನಾನು ಒಂದೊಂದೇ ಫೋಟೋ ಸರಿಸುತ್ತ ಹೋದೆ. ಬೇರೆ ಬೇರೆ ಹೋರಿಗಳು ಬಂದವು, ಹೋದವು. ಅವಳು ಬೆಂಚು ಬಿಟ್ಟು ಎದ್ದು ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಒಂದು ಫೋಟೋಕ್ಕೆ ಕುರ್ಚಿ ಅಲುಗಿತು.

"ನಿಲ್ಲಸ್ರಿ."

ಬಿಳಿಯ ಎಳೆಯ ಹೋರಿ, ಕೊಂಬಿಗೆ ಆಗತಾನೆ ಎಣ್ಣೆ ಹಚ್ಚಿದ್ದರು. ಮುಖ ನೇರ ನಮ್ಮ ಕಡೆಗೆ. ಹಣೆ ಸ್ವಚ್ಛ. ಪಕ್ಕದಲ್ಲಿ ಇವಳೇ ನಿಂತಿದ್ದಳು, ಹೋರಿಯ ಗಂಗೆದೊಗಲಿನ ಮೇಲೆ ಕೈಯಿಟ್ಟುಕೊಂಡು. "ಬಂತು ನನ್ನ ಬಂಗಾರ," ಎಂದಳು. ಮೈದುನ ಟೊಪ್ಪಿಗೆ ತಲೆಗೆ ಹಾಕಿಕೊಂಡ, ಈಗಲೇ ಹಾರೂಗೇರಿಗೆ ಹೊರಡುವವನ ಹಾಗೆ. ಗೆಳೆಯ ಪ್ರಿಂಟರ್ ಹಚ್ಚಿದ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಬಿದ್ದ ಸ್ಕ್ರೂಗಳನ್ನು ಆ ಕ್ಷಣಕ್ಕೆ ಮರೆತಿದ್ದೆ.

"ಸುಳಿ ದೊಡ್ಡದ ಮಾಡ್ರಿ," ಎಂದ ಮೈದುನ. ಮಾಡಿದೆ. ಪರದೆ ತುಂಬ ಹಣೆ. ಸುಳಿ ಸ್ಪಷ್ಟವಾಗಿತ್ತು. ಕಣ್ಣುಗಳಿಗಿಂತ ಎಷ್ಟೋ ಮೇಲೆ, ಎಡಗೊಂಬಿನ ಬುಡದ ಕಡೆ ಸರಿದು ಸುತ್ತಿಕೊಂಡಿತ್ತು. ಅವನು ತನ್ನ ಮೊಬೈಲು ತೆಗೆದು, ಸಂತೆಯಲ್ಲಿ ತೆಗೆದಿದ್ದ ಆ ಹೋರಿಯ ಫೋಟೋವನ್ನು ಪರದೆಯ ಪಕ್ಕಕ್ಕೆ ಹಿಡಿದ. ಅದರ ಸುಳಿ ಎರಡು ಕಣ್ಣುಗಳ ನಟ್ಟನಡುವೆ ಇತ್ತು.

ಮೈದುನ ಮೊಬೈಲನ್ನು ತುಸು ಹತ್ತಿರ ಹಿಡಿದ, ದೂರ ಹಿಡಿದ, ಓರೆ ಮಾಡಿ ಹಿಡಿದ. ಹೇಗೆ ಹಿಡಿದರೂ ಸುಳಿ ಇದ್ದಲ್ಲೇ ಇತ್ತು.

ಮೊದಲು ಬಾಯಿಬಿಟ್ಟವನು ಅವನೇ. "ವೈನಿ, ಫೋಟೋ ಸಿಗಲಿಲ್ಲ ಅನ್ನೂಣು. ಕಂಪ್ಯೂಟರ್ ಕೆಟ್ಟಿತ್ತಂದ್ರ ಯಾರ ಇಲ್ಲಂತಾರ? ಗುಲಾಲದ್ದ ಒಯ್ಯೂಣು. ಹಿರೇರ ನಮ್ಮ ಕಡೀನ ಅದಾರು."

ಗೆಳೆಯ ಅವಳ ಮುಖ ನೋಡಿದ, ಪರದೆ ನೋಡಿದ. ಆಮೇಲೆ ಮೆಲ್ಲನೆ ಅಂದ: "ಕಾಕು, ಸುಳಿ ಸರಸೂದು ನನಗ ಭಾಳ ಹೊತ್ತಿನ ಕೆಲಸಲ್ಲರಿ. ಮದುಮಕ್ಕಳ ಮಾರಿ ಮ್ಯಾಲಿನ ಮೊಡವಿ ದಿನಾ ತಗೀತೀನಿ. ಯಾರಿಗೂ ಗೊತ್ತಾಗಂಗಿಲ್ಲ."

ಅವನು ಕೆಟ್ಟವನಲ್ಲ. ಅವಳ ಮುಖ ನೋಡಿ ಅವನಿಗೆ ಮರುಕ ಹುಟ್ಟಿತ್ತು, ಅಷ್ಟೆ. ಅವನನ್ನು ಸಣ್ಣ ಸಣ್ಣದಕ್ಕೂ ಬೈಯುವ ನಾನು ಆಗ ಬೈಯಲಿಲ್ಲ. ನನಗೂ ಆ ಹೋರಿ ಅವಳ ಮನೆಗೆ ಹೋಗಲಿ ಎನಿಸಿತ್ತು. ಅವಳು ಹೂಂ ಎಂದಿದ್ದರೆ ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟು ಸುಮ್ಮನೆ ನನ್ನ ಅಂಗಡಿಗೆ ಹೋಗಿಬಿಡುತ್ತಿದ್ದೆನೋ ಏನೋ.

ಅವಳು ಪರದೆಯ ಹತ್ತಿರ ಬಂದು ಬೆರಳಿನ ತುದಿಯಿಂದ ಸುಳಿಯನ್ನು ಮುಟ್ಟಿದಳು. ಗಾಜಿನ ಮೇಲೆ ಬೆರಳನ್ನು ಸುಳಿ ಸುತ್ತಿದ ಕಡೆಗೇ ಸುತ್ತಿಸಿದಳು.

"ಸಂತ್ಯಾಗ ಹಣಿ ಸವರಿದಾಗನ ಕೈಗಿ ಗೊತ್ತಾಗಿತ್ತು," ಎಂದಳು. "ಸುಳಿ ಕೆಳಗ ಹತ್ತಿತು. ಬೆಳದ ಮ್ಯಾಲ ಸರದಿರಬೇಕು ಅನಕೊಂಡ್ನಿ. ಸುಳಿ ಎಲ್ಲೆರೆ ಸರೀತೈತೇನ್ರಿ? ಹುಟ್ಟಿದಾಗಿಂದ ದನಾ ಕಾಯ್ದಾಕಿ ನಾ. ಗೊತ್ತಿದ್ದೂ ಕೇಳಲಿಲ್ಲ. ಭಾಳ ಆಸೆ ಆಗಿತ್ತು."

"ವೈನಿ, ಅದೂ ಕಳವಿಂದ ಇರಬೇಕು," ಎಂದ ಮೈದುನ. "ಅಂವಾ ಯಾರ ಕಡೆ ತಗೊಂಡಾನೋ."

"ಕಳವಿಂದಾದ್ರ ಅದರ ಮಾಲಕರ ಬರ್ತಾರ. ನಾವಲ್ಲ." ಆಮೇಲೆ ಗೆಳೆಯನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ಫೋಟೋದಾಗ ಸುಳಿ ಸರಸ್ತಿ, ಖರೇ. ಹೋರಿ ದಿನಾ ಮುಂಜಾನೆ ನನ್ನ ಮುಂದ ಬಂದು ನಿಂದರತೈತಲ್ಲ ತಮ್ಮಾ, ಅದರ ಹಣಿ ಮ್ಯಾಲಿಂದ ಯಾರ ಸರಸ್ತಾರ?"

ಗೆಳೆಯ ಪ್ರಿಂಟರ್ ಆರಿಸಿದ.

ಅವಳು ಮೈದುನನ ಕಡೆ ಕೈ ಚಾಚಿದಳು. "ಆ ಕಾಗವಾಡದಾಂವಗ ಫೋನ ಹಚ್ಚು." ಅವನು ನಾಳೆ ಸಂತೆಯಲ್ಲೇ ಹೇಳಿದರಾಯಿತು ಎಂದ. ನಾಳೆಯವರೆಗೆ ಆ ರೈತ ನಿದ್ದೆಗೆಡಬೇಕೇ ಎಂದು ಕೇಳಿದಳು. ಮೈದುನ ನಂಬರು ಒತ್ತಿ, ಸ್ಪೀಕರ್ ಹಾಕಿ, ಮೊಬೈಲನ್ನು ಅವಳ ಬಾಯಿಯ ಹತ್ತಿರ ಹಿಡಿದ.

"ನಾ ರಾಯಬಾಗ ಕಡೆಯಾಕಿ. ಹೋರಿ ನಂದು ಅಂದಾಕಿ."

"ಹಾಂ ಮಾವಶಿ, ಬೋಲಾ. ಫೋಟೋ ಸಿಕ್ತೇನ್ರಿ?" ಅವನ ದನಿಯಲ್ಲೂ ಅಂಜಿಕೆ ಇತ್ತು.

"ಸಿಕ್ತು. ಸುಳಿ ಕೂಡಲಿಲ್ಲ. ಹೋರಿ ನಿಂದ ಐತಿ. ನಾಳಿ ನೀ ಅದನ್ನ ಹೊಡಕೊಂಡ ಬರೂ ಕೆಲಸಿಲ್ಲ, ಹಿರೇರಿಗಿ ನಾನ ಹೇಳ್ತೀನಿ. ಮಂದ್ಯಾಗ ನಿನಗ ಕಳ್ಳ ಅಂದೆವು, ಸಿಟ್ಟ ಇಟಗೋಬ್ಯಾಡ."

ಆಚೆ ಕಡೆ ಎಲ್ಲೋ ಪಂಪಿನ ಸದ್ದು ಕೇಳುತ್ತಿತ್ತು.

"ಇಲ್ರಿ ಮಾವಶಿ. ಸಿಟ್ಟೇನಿಲ್ಲ."

"ಇನ್ನೊಂದ ಮಾತು. ಅದರ ಎಡಗಣ್ಣಾಗ ನೀರ ಸೋರಾಕತ್ತಾವು. ಅವತ್ತ ಸವರಿದಾಗ ನೋಡೀನಿ. ಡಾಕ್ಟರಗ ತೋರಸು. ನೊಣಾ ಕುಂಡ್ರಗೊಡಬ್ಯಾಡ."

"ತೋರಸ್ತೀನ್ರಿ." ಅವನು ಇಟ್ಟುಬಿಡುತ್ತಾನೆ ಎಂದುಕೊಂಡೆವು. ಇಡಲಿಲ್ಲ. "ಮಾವಶಿ, ನಿಮ್ಮ ಊರಿಂದ ಕಾಗವಾಡ ಏನ ದೂರಿಲ್ಲ. ಯಾವಾಗರೆ ಬಂದು ಹೋರಿ ನೋಡಿ ಹೋಗ್ರಿ. ನಮ್ಮನ್ಯಾಗ ಯಾರೂ ಏನೂ ಅನ್ನಂಗಿಲ್ಲ."

ಅವಳು ಪರದೆಯ ಮೇಲಿನ ಎಳೆಯ ಹೋರಿಯನ್ನು ನೋಡುತ್ತ ನಿಂತಿದ್ದಳು.

"ಬ್ಯಾಡಪಾ," ಎಂದಳು. "ಬಂದ್ರ ಮತ್ತ ನಂದ ಅನಸತೈತಿ."